ಬಾರಿನ ಮೃದಂಗವೋ, ಬೋಲ್ಟಿನ ಮೃದಂಗವೋ?

ಸರಸ್ವತೀಪುರದಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಮಗ ಒಂಬತ್ತನೆಯ ತರಗತಿ. ನಾಲ್ಕು ವರ್ಷದಿಂದ ಮೃದಂಗ ಕಲಿಯುತ್ತಿದ್ದಾನೆ. ಜೂನಿಯರ್ ಪರೀಕ್ಷೆ ಮುಗಿದಿದೆ, ಸೀನಿಯರ್‌ಗೆ ಸಿದ್ಧತೆ ನಡೆದಿದೆ. ಇಷ್ಟು ದಿನ ಯಾರೋ ಕೊಟ್ಟ ಹಳೆಯ ಮೃದಂಗದಲ್ಲೇ ಕಾಲ ಹಾಕಿದ್ದಾಯಿತು. ಈಗ ಅವನಿಗೆ ಸ್ವಂತದ್ದೊಂದು ಕೊಡಿಸಬೇಕು. ಅಂಗಡಿಯವರು ‘ಬೋಲ್ಟಿನದು ತೊಗೊಳ್ಳಿ ಮೇಡಂ, ಈಗ ಎಲ್ಲರೂ ಅದನ್ನೇ ಕೇಳ್ತಾರೆ’ ಎನ್ನುತ್ತಾರಂತೆ. ಮೇಷ್ಟ್ರು ‘ಬಾರಿನದೇ ಆಗಬೇಕು’ ಎನ್ನುತ್ತಾರಂತೆ. ಹುಡುಗನ ತಂದೆ ‘ಯಾವುದಾದ್ರೂ ಒಂದು ತೊಗೊಂಡು ಮುಗಿಸ್ರಪ್ಪಾ’ ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಾರಂತೆ. ‘ನಮ್ಮ ಮನೆಯಲ್ಲಿ ಸಂಗೀತ ಗೊತ್ತಿರುವವರು ಯಾರೂ ಇಲ್ಲ. ದುಡ್ಡು ಹೆಚ್ಚಲ್ಲ, ಆದರೆ ಕಡಿಮೆಯೂ ಅಲ್ಲ. ಎರಡು ಸಲ ಕೊಡಿಸುವ ಶಕ್ತಿ ನಮಗಿಲ್ಲ. ಏನು ಮಾಡಲಿ?’ ಎಂದು ಕೇಳಿದ್ದಾರೆ.

ಪ್ರಶ್ನೆ ಚಿಕ್ಕದು. ಆದರೆ ಈ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ವಿ.ವಿ. ಮೊಹಲ್ಲದ ಎಂಟನೆಯ ಕ್ರಾಸಿನ ಗಣೇಶೋತ್ಸವದ ಕಚೇರಿಗಳನ್ನು ಕೇಳಿ ಬೆಳೆದ ಮಕ್ಕಳು ಇಲ್ಲಿದ್ದಾರೆ. ಕುವೆಂಪುನಗರದ ವೀಣೆ ಶೇಷಣ್ಣ ಭವನದ ಮುಂದಿನ ಸಾಲಿನಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುವ ಮಕ್ಕಳಿದ್ದಾರೆ. ಅವರಲ್ಲಿ ಒಬ್ಬಿಬ್ಬರಾದರೂ ಮನೆಗೆ ಬಂದು ‘ನನಗೂ ಮೃದಂಗ ಬೇಕು’ ಎನ್ನುತ್ತಾರೆ. ಆದ್ದರಿಂದ ಈ ವಾರ ಆ ತಾಯಿಗೆ ಬರೆಯುವ ಉತ್ತರವನ್ನೇ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ನಾನು ವಿದ್ವಾಂಸನಲ್ಲ. ಹುಡುಗನಾಗಿದ್ದಾಗ ಆರು ವರ್ಷ ಕಲಿತು, ಬಿಟ್ಟು, ಬಿಟ್ಟದ್ದಕ್ಕೆ ಇಂದಿಗೂ ವ್ಯಥೆಪಡುವ ಸಾಮಾನ್ಯ ಕೇಳುಗ. ಒಂದು ತಪ್ಪನ್ನು ಸ್ವತಃ ಮಾಡಿದವನು ಎನ್ನುವುದೊಂದೇ ನನ್ನ ಅರ್ಹತೆ. ಆ ಕಥೆ ಮುಂದೆ ಬರುತ್ತದೆ.

ಮೊದಲು ವಾದ್ಯವನ್ನು ಸ್ವಲ್ಪ ಬಿಚ್ಚಿ ನೋಡೋಣ. ಹಲಸಿನ ಮರದ ಒಂದು ತುಂಡನ್ನು ಒಳಗೆ ಟೊಳ್ಳು ಮಾಡಿದರೆ ಮೃದಂಗದ ಒಡಲು. ಎರಡು ಬಾಯಿಗೂ ಚರ್ಮದ ಮುಚ್ಚಿಗೆ. ಬಲದ ಮುಚ್ಚಿಗೆ ಕಿರಿದು. ಅದರ ನಡುವೆ ಕಪ್ಪು ಕರಣೆ. ಕಬ್ಬಿಣದ ಅಂಶವಿರುವ ಕಿಟ್ಟದ ಪುಡಿಯನ್ನು ಅನ್ನದೊಡನೆ ಅರೆದು, ತೆಳುವಾಗಿ ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ ಉಜ್ಜಿ ಕೂರಿಸುವುದು. ಅಂಚಿನ ಸುತ್ತ ಉಂಗುರದಂತೆ ಕತ್ತರಿಸಿದ ಇನ್ನೊಂದು ಚರ್ಮ, ಅದು ಮೀಟು. ಕರಣೆಗೂ ಮೀಟಿಗೂ ನಡುವೆ ಕಾಣುವ ಬಯಲು ಚಾಪು. ಎಡದ ಬಾಯಿ ದೊಡ್ಡದು, ಅದು ತೊಪ್ಪಿ. ಅದಕ್ಕೆ ನುಡಿಸುವ ಮುನ್ನ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಹಸು, ಆಡು, ಎಮ್ಮೆ ಮೂರರ ಚರ್ಮವೂ ಒಂದು ಮೃದಂಗದಲ್ಲಿ ಸೇರಿರುತ್ತದೆ.

ಈಗ ಅಂಚಿಗೆ ಬನ್ನಿ. ಮುಚ್ಚಿಗೆಯ ಸುತ್ತ ಚರ್ಮವನ್ನು ಜಡೆಯಂತೆ ಹೆಣೆದು ದಪ್ಪನೆಯ ಬಳೆ ಮಾಡಿರುತ್ತಾರೆ. ಆ ಹೆಣಿಗೆಯಲ್ಲಿ ಸಾಮಾನ್ಯವಾಗಿ 16 ಕಣ್ಣುಗಳು. ಒಂದು ಬಾಯಿಯ ಕಣ್ಣಿನಿಂದ ಇನ್ನೊಂದು ಬಾಯಿಯ ಕಣ್ಣಿಗೆ ಎಮ್ಮೆ ಚರ್ಮದ ಉದ್ದನೆಯ ಬಾರು ಹೋಗಿ ಬಂದು, ಹೋಗಿ ಬಂದು, ಒಡಲನ್ನೆಲ್ಲ ಆವರಿಸಿಕೊಳ್ಳುತ್ತದೆ. ಇದು ಬಾರಿನ ಮೃದಂಗ. ಬಾರಿಗೆ ಬದಲು ಉಕ್ಕಿನ ಸರಳು, ಕೊಕ್ಕೆ, ನಟ್ಟು ಹಾಕಿ ಹೆಣಿಗೆಯನ್ನು ಲೋಹದ ಬಳೆಯಿಂದ ಎಳೆದು ಹಿಡಿದರೆ ಬೋಲ್ಟಿನ ಮೃದಂಗ. ಎರಡರಲ್ಲೂ ನುಡಿಯುವುದು ಅದೇ ಚರ್ಮ, ಅದೇ ಕರಣೆ. ವ್ಯತ್ಯಾಸವಿರುವುದು ಅಂಚನ್ನು ಹಿಡಿದೆಳೆಯುವ ಬಗೆಯಲ್ಲಿ ಮಾತ್ರ.

‘ಅಂಚಿಗೆ ಇಷ್ಟೊಂದು ಮಹತ್ವವೇ?’ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಅದಕ್ಕೆ ಉತ್ತರ ಕೊಟ್ಟವರು ಸರ್ ಸಿ.ವಿ. ರಾಮನ್. ಬೆಳಕಿನ ಚದರಿಕೆಗೆ ನೊಬೆಲ್ ಪಡೆದ ರಾಮನ್ ನಿಮಗೆ ಪಾಠಪುಸ್ತಕದಲ್ಲಿ ಗೊತ್ತು. ಮೃದಂಗ, ತಬಲಗಳ ರಾಮನ್ ಅಷ್ಟಾಗಿ ಗೊತ್ತಿಲ್ಲ. ಕಲ್ಕತ್ತೆಯಲ್ಲಿದ್ದಾಗಲೇ, 1920ರಲ್ಲಿ, ಶಿವಕಾಲಿ ಕುಮಾರ್ ಅವರೊಡನೆ ಈ ವಿಷಯವಾಗಿ ‘ನೇಚರ್’ ಪತ್ರಿಕೆಗೆ ಬರೆದರು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಬಗ್ಗೆ ವಿವರವಾದ ಲೇಖನವನ್ನೇ ಪ್ರಕಟಿಸಿದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ಬಾರಿಸುವುದು. ಚರ್ಮ ಎಲ್ಲಿ ಅಲುಗುವುದಿಲ್ಲವೋ ಅಲ್ಲಿ ಮರಳು ಗೆರೆಗಟ್ಟಿ ನಿಲ್ಲುತ್ತದೆ. ಆ ಗೆರೆಗಳನ್ನು ನೋಡಿ ಚರ್ಮ ಯಾವ ಯಾವ ರೀತಿಯಲ್ಲಿ ಕಂಪಿಸುತ್ತಿದೆ ಎಂದು ಅವರು ತಿಳಿದರು.

ಅವರು ಕಂಡದ್ದು ಇಷ್ಟು. ಏನೂ ಮೆತ್ತದ ಬರಿಯ ಚರ್ಮವನ್ನು ಗುಂಡಗೆ ಬಿಗಿದು ಬಾರಿಸಿದರೆ ಹೊರಡುವ ಸದ್ದುಗಳು ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ಸದ್ದನ್ನು 1 ಎಂದಿಟ್ಟುಕೊಂಡರೆ ಮುಂದಿನವು 1.59, 2.14, 2.30 ಹೀಗೆ ಅಡ್ಡಾದಿಡ್ಡಿ. ಅದಕ್ಕೇ ಬರಿಯ ಚರ್ಮ ‘ಧಡ್’ ಎನ್ನುತ್ತದೆಯೇ ಹೊರತು ಸ್ವರ ಹೇಳುವುದಿಲ್ಲ. ನಡುವೆ ಕರಣೆ ಕೂತರೆ ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಗುಂಪಾಗಿ, 1, 2, 3, 4, 5 ಎಂಬ ಒಪ್ಪವಾದ ಲೆಕ್ಕಕ್ಕೆ ಬಂದು ನಿಲ್ಲುತ್ತವೆ. ತಂತಿವಾದ್ಯದ ಲೆಕ್ಕವೂ ಇದೇ. ಮೃದಂಗ ತಂಬೂರಿಯ ಜೊತೆ ಕೂಡಿ ನುಡಿಯುವುದು ಅದರಿಂದಲೇ. ಅಂಚಿನ ಮೀಟು ಚರ್ಮವೂ ಸುಮ್ಮನೆ ಕೂತಿಲ್ಲ. ಬೇಡವಾದ ಮೇಲಿನ ಸದ್ದುಗಳನ್ನು ಅದು ಅದುಮಿ ಹಿಡಿಯುತ್ತದೆ. ಹೆಸರಿಲ್ಲದ ನಮ್ಮ ಕುಶಲಕರ್ಮಿಗಳು ಕಿವಿಯಿಂದಲೇ ಕಂಡುಕೊಂಡದ್ದನ್ನು ರಾಮನ್ ಲೆಕ್ಕದಲ್ಲಿ ತೋರಿಸಿದರು.

ಆದರೆ ಈ ಒಪ್ಪಂದಕ್ಕೆ ಒಂದು ಷರತ್ತಿದೆ. ಅಂಚಿನ ಸುತ್ತ ಬಿಗಿ ಒಂದೇ ಸಮವಾಗಿರಬೇಕು. ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಸಡಿಲ ಆದರೆ ಒಂದೇ ಆಗಿರಬೇಕಾದ ಸದ್ದು ಇಬ್ಭಾಗವಾಗಿ, ಎರಡೂ ಒಂದರ ಮೇಲೊಂದು ಬಿದ್ದು, ‘ವಂವ್ ವಂವ್’ ಎಂದು ನಡುಗುತ್ತದೆ. ಕರಣೆ ಎಷ್ಟೇ ಚೆನ್ನಾಗಿರಲಿ, ಅಂಚು ಸಮವಿಲ್ಲದ ಮೃದಂಗ ಸ್ವರ ಕಳೆದುಕೊಂಡಂತೆ. ಬಾರೋ ಬೋಲ್ಟೋ ಎಂಬ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ: ಯಾವುದರಿಂದ ಸುತ್ತಲೂ ಸಮವಾದ ಬಿಗಿ ಸಿಗುತ್ತದೆ, ಯಾರ ಕೈಯಲ್ಲಿ ಸಿಗುತ್ತದೆ?

ಬಾರಿನ ಪರವಾಗಿ ಹೇಳಬೇಕಾದದ್ದು ಬಹಳವಿದೆ. ಚರ್ಮವೂ ಚರ್ಮದ ಬಾರೂ ಒಂದೇ ಜಾತಿ. ಒಡಲನ್ನು ಸುತ್ತಲೂ ಅಪ್ಪಿಕೊಂಡಿರುವುದರಿಂದ ನಾದಕ್ಕೆ ಒಂದು ಗಾಂಭೀರ್ಯ ಬರುತ್ತದೆ ಎನ್ನುವುದು ಎಷ್ಟೋ ಹಿರಿಯ ವಿದ್ವಾಂಸರ ಅನುಭವ. ಮಡಿಲಲ್ಲಿಟ್ಟರೆ ಲೋಹ ಒತ್ತುವುದಿಲ್ಲ. ಕಷ್ಟವೂ ಇದೆ. ಮೃದಂಗದ ಎರಡು ಬಾಯಿಯೂ ಒಂದೇ ಬಾರಿಗೆ ಕಟ್ಟುಬಿದ್ದಿರುವುದರಿಂದ ಬಲದ ಕಡೆ ಬಿಗಿ ಮಾಡಿದರೆ ಎಡದ ಕಡೆಗೂ ಅದರ ಬಿಸಿ ತಟ್ಟುತ್ತದೆ. ತಿಂಗಳುಗಟ್ಟಲೆ ನುಡಿಸಿದ ಮೇಲೆ ಬಾರು ಹಿಗ್ಗಿ ಸಡಿಲವಾಗುತ್ತದೆ. ಅದನ್ನು ಮತ್ತೆ ಎಳೆದು ಕಟ್ಟುವುದು ರಟ್ಟೆಯಲ್ಲಿ ಬಲವೂ ಕಸುಬಿನಲ್ಲಿ ಪಳಗಿದ ಕೈಯೂ ಇದ್ದವರ ಕೆಲಸ. ಹದಿನಾಲ್ಕು ವರ್ಷದ ಹುಡುಗನಿಂದ ಆಗುವುದಲ್ಲ, ಅವನ ತಂದೆಯಿಂದಲೂ ಆಗುವುದಲ್ಲ.

ಬೋಲ್ಟಿನದರಲ್ಲಿ ಒಂದು ಸ್ಪ್ಯಾನರ್ ಇದ್ದರೆ ಸಾಕು. ಹಲವು ಮಾದರಿಗಳಲ್ಲಿ ಒಡಲಿನ ನಡುವೆ ಒಂದು ಪಟ್ಟಿ ಇದ್ದು, ಎಡಬಲಗಳನ್ನು ಬೇರೆಬೇರೆಯಾಗಿಯೇ ಬಿಗಿ ಮಾಡಿಕೊಳ್ಳಬಹುದು. ಮುಚ್ಚಿಗೆ ಹಾಳಾದರೆ ಬಿಚ್ಚಿ ಬೇರೆಯದನ್ನು ಕೂರಿಸುವುದೂ ಸುಲಭ. ಊರೂರು ತಿರುಗುವವರಿಗೆ, ಪರದೇಶದಲ್ಲಿರುವ ನಮ್ಮ ಮಕ್ಕಳಿಗೆ, ಬಾರು ಎಳೆಯುವವರು ಸಿಗದ ಕಡೆ ಇದು ದೊಡ್ಡ ಉಪಕಾರ. ಆದರೆ ಸುಲಭವಾದದ್ದರ ಅಪಾಯವೂ ಸುಲಭದಲ್ಲೇ ಇದೆ. ಕಲ್ಲಿನಿಂದ ತಟ್ಟುವಾಗ ಎಷ್ಟು ಬಲ ಹಾಕಿದೆವು ಎಂದು ಕೈಗೆ ಗೊತ್ತಾಗುತ್ತದೆ. ಸ್ಪ್ಯಾನರ್ ಹಿಡಿದ ಕೈಗೆ ಅದು ಗೊತ್ತಾಗುವುದಿಲ್ಲ. ಸ್ಕ್ರೂವಿನ ಗುಣವೇ ಅದು. ಸಣ್ಣ ಬಲವನ್ನು ದೊಡ್ಡದು ಮಾಡಿ ಕೊಡುತ್ತದೆ.

ಇದು ನಮ್ಮ ಊರಿನ ಜಗಳ ಮಾತ್ರವಲ್ಲ. ಆರ್ಕೆಸ್ಟ್ರಾಗಳಲ್ಲಿ ಎತ್ತರವಾಗಿ ನಿಲ್ಲಿಸಿ ಕೈಯಲ್ಲಿ ಬಾರಿಸುವ ಕಾಂಗಾ ಎಂಬ ವಾದ್ಯವನ್ನು ನೀವು ನೋಡಿರಬಹುದು. ಕ್ಯೂಬಾ ದೇಶದ್ದು. ಮೊದಲು ಅದರ ಚರ್ಮವನ್ನು ಮರಕ್ಕೆ ಮೊಳೆ ಹೊಡೆದೇ ಕೂರಿಸುತ್ತಿದ್ದರು. ಸ್ವರ ಇಳಿದರೆ ಬೆಂಕಿಯ ಶಾಖ ತೋರಿಸುತ್ತಿದ್ದರು, ಥೇಟ್ ನಮ್ಮ ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿಕೊಳ್ಳುವಂತೆ. ಆಮೇಲೆ ಲೋಹದ ಅಂಚು, ಕೊಕ್ಕೆ, ನಟ್ಟು ಬಂದವು. ಅದರ ಬೆನ್ನಿಗೇ ಹೊಸ ತಕರಾರು ಹುಟ್ಟಿತು. ಅಂಚು ಎತ್ತರವಾಗಿದ್ದರೆ ಅಂಗೈ ಅದಕ್ಕೇ ಬಡಿಯುತ್ತದೆ, ಕೈ ನೋಯುತ್ತದೆ. ಆದ್ದರಿಂದ ಅಂಚನ್ನು ಕೆಳಕ್ಕಿಳಿಸಿ, ಮೂಲೆಯನ್ನು ಗುಂಡಗೆ ಬಾಗಿಸಿದ ಮಾದರಿಗಳು ಬಂದವು. ಇಂದಿಗೂ ಹಳೆಯ ನೇರ ಅಂಚನ್ನೇ ಮೆಚ್ಚುವವರಿದ್ದಾರೆ, ಬಾಗಿದ ಅಂಚನ್ನೇ ಬಯಸುವವರಿದ್ದಾರೆ. ಹವಾನಾದಲ್ಲಾಗಲಿ ಮೈಸೂರಿನಲ್ಲಾಗಲಿ ಚರ್ಮ ಬಿಗಿಯುವವರ ತಲೆನೋವು ಒಂದೇ.

‘ವಾದ್ಯಕ್ಕೆ ಕಬ್ಬಿಣ ಹಾಕುವುದು ಅಪಚಾರ’ ಎನ್ನುವವರಿಗೆ ನಮ್ಮ ಊರಿನದೇ ಒಂದು ಉದಾಹರಣೆ ಕೊಡಬಹುದು. ಪಿಟೀಲು ಚೌಡಯ್ಯನವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕವಿಲ್ಲದ ಕಾಲ. ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದನ್ನು ನುಡಿಸಿದರು. ಹೊಸದು ಎಂದ ಮಾತ್ರಕ್ಕೆ ಅದು ಕೆಟ್ಟದ್ದಾಗಲಿಲ್ಲ. ಹಿಂದೆ ಕೂತವನಿಗೂ ಕೇಳಬೇಕೆಂಬ ಅಗತ್ಯ ಅದರ ಹಿಂದಿತ್ತು. ಬೆಂಗಳೂರಿನ ಇಂಜಿನಿಯರ್ ಡಾ. ಕೆ. ವರದರಂಗನ್ ಅವರು ಚರ್ಮವೇ ಇಲ್ಲದ ಸಿಂಥೆಟಿಕ್ ಮೃದಂಗವನ್ನು ರೂಪಿಸಿದ್ದಾರೆ. ಬದಲಾವಣೆಯನ್ನು ಕಿವಿಯಿಂದ ಪರೀಕ್ಷಿಸೋಣ, ಹೆಸರು ಕೇಳಿ ಬೆಚ್ಚುವುದು ಬೇಡ.

ಇನ್ನು ನನ್ನ ತಪ್ಪಿನ ಕಥೆ. 2011ರ ಗಣೇಶನ ಹಬ್ಬ. ನಮ್ಮ ಬಡಾವಣೆಯ ಚಪ್ಪರದಲ್ಲಿ ಮಕ್ಕಳ ಕಚೇರಿ. ನನ್ನ ಅಕ್ಕನ ಮಗ ಆಗ ಹತ್ತನೆಯ ತರಗತಿ. ವೇದಿಕೆ ಹತ್ತುವುದು ಅದೇ ಮೊದಲು. ಅವನ ಬಳಿ ಇದ್ದದ್ದು ಬೋಲ್ಟಿನ ಮೃದಂಗ. ದಿನವೂ ನುಡಿಸುತ್ತಿದ್ದದ್ದು ನಾಲ್ಕು ಮನೆ ಶ್ರುತಿಯಲ್ಲಿ. ಹಾಡುವ ಹುಡುಗಿಯದು ಐದೂವರೆ ಮನೆ. ಹಾರ್ಮೋನಿಯಂನಲ್ಲಿ ನೋಡಿದರೆ ನಡುವೆ ಇರುವುದು ಮೂರೇ ಮೆಟ್ಟಿಲು. ಸಂಜೆಯಿಂದ ಜಿಟಿಜಿಟಿ ಮಳೆ, ತೇವದ ಗಾಳಿ, ಚರ್ಮ ಮೆತ್ತಗಾಗಿ ಕೂತಿತ್ತು. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಆರು ವರ್ಷ ಕಲಿತ ಮಾವ ನಾನು ಇದ್ದೆನಲ್ಲ! ಸ್ಪ್ಯಾನರ್ ಕೈಗೆ ತೆಗೆದುಕೊಂಡೆ. ಕಾಲು ಸುತ್ತು, ಮತ್ತೆ ಕಾಲು ಸುತ್ತು. ಸ್ವರ ಏರುತ್ತಿತ್ತು, ಆದರೆ ಮುಟ್ಟುತ್ತಿರಲಿಲ್ಲ.

‘ಮಾವ, ಸಾಕು. ಮೇಷ್ಟ್ರು ಬರ್ಲಿ’ ಎಂದ ಹುಡುಗ.

‘ಇರೋ, ಇನ್ನೊಂಚೂರು ಅಷ್ಟೆ’ ಎಂದೆ.

ಆ ಒಂದು ಚೂರಿಗೆ ಚಾಪು ಮೀಟಿನ ಅಡಿಯಿಂದ ‘ಟಪ್’ ಎಂದು ಬಿರಿಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಇನ್ನೊಬ್ಬ ಹುಡುಗ ತನ್ನ ಮೃದಂಗದೊಡನೆ ವೇದಿಕೆ ಹತ್ತಿದ. ನಮ್ಮವನು ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಇಡೀ ಕಚೇರಿ ಕೇಳಿದ. ಅಳಲಿಲ್ಲ, ನನ್ನ ಮೇಲೆ ಸಿಟ್ಟು ಮಾಡಲೂ ಇಲ್ಲ. ಮೂರು ತಿಂಗಳು ಮೃದಂಗ ಮುಟ್ಟಲಿಲ್ಲ, ಅಷ್ಟೆ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇಕಿರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಹೈಸ್ಕೂಲು ವಿಜ್ಞಾನ ಓದುವ ಮಕ್ಕಳು ನೀವೂ ಹಾಕಿ ನೋಡಿ. ಸ್ವರದ ಆವರ್ತ ಬಿಗಿಯ ವರ್ಗಮೂಲಕ್ಕೆ ಅನುಗುಣ. ಎಂದರೆ ಸ್ವರ ಎರಡು ಪಟ್ಟು ಏರಬೇಕಾದರೆ ಬಿಗಿ ನಾಲ್ಕು ಪಟ್ಟು ಏರಬೇಕು. ಹಾರ್ಮೋನಿಯಂನ ಒಂದು ಮೆಟ್ಟಿಲು ಏರಿಸಲು ಬಿಗಿ ನೂರಕ್ಕೆ ಸುಮಾರು 12ರಷ್ಟು ಹೆಚ್ಚಬೇಕು. ಮೂರು ಮೆಟ್ಟಿಲಿಗೆ ನೂರಕ್ಕೆ 41. ಒಂದು ಮನೆಯಿಂದ ಐದು ಮನೆಗೆ ಏರಿಸಲು ಹೊರಟರೆ ಎರಡೂಕಾಲು ಪಟ್ಟು! ಯಾವ ಚರ್ಮ ತಡೆದೀತು? ಆದ್ದರಿಂದಲೇ ಹಿರಿಯರು ತಗ್ಗು ಶ್ರುತಿಗೆ ಒಂದು, ಹೆಚ್ಚು ಶ್ರುತಿಗೆ ಒಂದು ಎಂದು ಎರಡು ಮೃದಂಗ ಇಟ್ಟುಕೊಳ್ಳುವುದು. ತಗ್ಗು ಶ್ರುತಿಯದು ಸಾಮಾನ್ಯವಾಗಿ 24 ಅಂಗುಲ ಉದ್ದ, ಹೆಚ್ಚು ಶ್ರುತಿಯದು 22 ಅಂಗುಲ. ತಪ್ಪು ಬೋಲ್ಟಿನದಲ್ಲ. ಒಂದು ವಾದ್ಯದಿಂದ ಇನ್ನೊಂದರ ಕೆಲಸ ತೆಗೆಯಲು ಹೋದ ನನ್ನದು.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಮೊದಲನೆಯದು ಬಾರೂ ಅಲ್ಲ, ಬೋಲ್ಟೂ ಅಲ್ಲ, ಶ್ರುತಿ. ಮಗು ಯಾರ ಜೊತೆ ನುಡಿಸುತ್ತದೆ, ಪಾಠ ಯಾವ ಶ್ರುತಿಯಲ್ಲಿ ನಡೆಯುತ್ತದೆ ಎಂದು ಮೇಷ್ಟ್ರನ್ನು ಕೇಳಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಂಡಸರು ಹಾಡುವುದು ಹೆಚ್ಚಾಗಿ ಒಂದು, ಒಂದೂವರೆ ಮನೆಯ ಆಸುಪಾಸು. ಹೆಂಗಸರದು ಐದು, ಐದೂವರೆ. ಎರಡಕ್ಕೂ ಒಂದೇ ಸಾಕು ಎಂದು ಯಾರಾದರೂ ಹೇಳಿದರೆ ನನ್ನ ಕಥೆ ನೆನಪಿಸಿಕೊಳ್ಳಿ.

ಎರಡನೆಯದು, ಬಲದ ಮುಚ್ಚಿಗೆಯ ಸುತ್ತ ಕಣ್ಣು ಕಣ್ಣಿನ ಬಳಿಯೂ ಮೀಟಿನ ಮೇಲೆ ಬೆರಳಿನಿಂದ ನುಡಿಸಿ ಕೇಳಿ. ಎಲ್ಲ ಕಡೆ ಒಂದೇ ಸ್ವರ ಬರಬೇಕು. ಒಂದೆರಡು ಕಡೆ ವ್ಯತ್ಯಾಸವಿದ್ದರೆ ಅಲ್ಲೇ ಸರಿ ಮಾಡಿಸಿ. ಸರಿಯಾಗದಿದ್ದರೆ ಮುಚ್ಚಿಗೆಯೇ ಓರೆಯಾಗಿ ಕೂತಿದೆ ಎಂದರ್ಥ. ಅದನ್ನು ಬಿಟ್ಟು ಬೇರೆಯದನ್ನು ನೋಡಿ.

ಮೂರನೆಯದು, ಕರಣೆ. ಬಿರುಕಿರಬಾರದು, ಏಳುತ್ತಿರಬಾರದು, ನಡುವಿನಿಂದ ಆಚೀಚೆ ಸರಿದಿರಬಾರದು. ನಾಲ್ಕನೆಯದು, ಮರ. ಗೂಟದಂತೆ ನಿಲ್ಲಿಸಿ ಒಳಗೆ ಇಣುಕಿ ನೋಡಲು ಆಗುವುದಿಲ್ಲ, ನಿಜ. ಆದರೆ ಬಾರುಗಳ ನಡುವೆ ಕಾಣುವಷ್ಟು ಕಡೆ ಸೀಳು ಇದೆಯೇ, ಅದಕ್ಕೆ ಮೇಣ ತುಂಬಿ ಬಣ್ಣ ಬಳಿದಿದ್ದಾರೆಯೇ ನೋಡಬಹುದು. ಐದನೆಯದು, ಬೋಲ್ಟಿನದಾದರೆ ಲೋಹದ ಬಳೆ ಹೆಣಿಗೆಗಿಂತ ಕೆಳಗೆ ಕೂತಿರಬೇಕು. ಬೆರಳು ಮೀಟಿನ ಮೇಲೆ ಬೀಳುವಾಗ ಲೋಹಕ್ಕೆ ತಾಗುವಂತಿದ್ದರೆ ಕಾಂಗಾದವರ ಕೈನೋವು ನಿಮ್ಮ ಮಗುವಿಗೂ ಬರುತ್ತದೆ. ನಟ್ಟುಗಳು ಬೆಣ್ಣೆಯಂತೆ ತಿರುಗಬೇಕು, ಸರಳುಗಳು ಬಾಗಿರಬಾರದು. ಮಡಿಲಲ್ಲಿಟ್ಟುಕೊಂಡು ಐದು ನಿಮಿಷ ಕೂರಿಸಿ, ಎಲ್ಲಿ ಒತ್ತುತ್ತದೆ ಎಂದು ಮಗುವನ್ನೇ ಕೇಳಿ.

ಕೊಂಡ ಮೇಲೆ ಶ್ರುತಿ ಮಾಡುವ ಮಾತು. ತಂಬೂರಿಯನ್ನೋ ಶ್ರುತಿಪೆಟ್ಟಿಗೆಯನ್ನೋ ಹಾಕಿ ಮೊದಲು ಸುಮ್ಮನೆ ಕೇಳಬೇಕು. ಷಡ್ಜವನ್ನು ಬಾಯಲ್ಲಿ ಹಾಡಬೇಕು. ಬಾಯಲ್ಲಿ ಬರದ ಸ್ವರ ಕೈಯಲ್ಲಿ ಬರುವುದಿಲ್ಲ. ಆಮೇಲೆ ಮೃದಂಗ ಮುಟ್ಟಬೇಕು. ಬಾರಿನದಾದರೆ ಅಂಚಿನ ಹೆಣಿಗೆಯ ಮೇಲೆ ಮರದ ತುಂಡಿಟ್ಟು ಕಲ್ಲಿನಿಂದ ತಟ್ಟುತ್ತಾರೆ. ಒಡಲಿನ ಕಡೆಗೆ ತಟ್ಟಿದರೆ ಬಿಗಿಯಾಗಿ ಸ್ವರ ಏರುತ್ತದೆ. ಕೆಳಗಿನಿಂದ ಹೊರಗಡೆಗೆ ತಟ್ಟಿದರೆ ಇಳಿಯುತ್ತದೆ. ಇನ್ನೂ ಹೆಚ್ಚು ಬೇಕಾದರೆ ಬಾರಿಗೂ ಒಡಲಿಗೂ ನಡುವೆ ಮರದ ತುಂಡುಗಳನ್ನು ಸೇರಿಸುವುದುಂಟು. ಬೋಲ್ಟಿನದಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ.

ಎರಡಕ್ಕೂ ಒಂದೇ ನಿಯಮ: ಸಾಲಾಗಿ ಹೋಗಬಾರದು, ಎದುರುಬದುರಾಗಿ ಹೋಗಬೇಕು. ಕಾರಿನ ಚಕ್ರ ಬದಲಿಸುವ ಮೆಕ್ಯಾನಿಕ್ಕನ್ನು ನೋಡಿದ್ದೀರಲ್ಲ? ಒಂದು ನಟ್ಟನ್ನು ಬಿಗಿದರೆ ಮುಂದಿನದು ಪಕ್ಕದ್ದಲ್ಲ, ಎದುರಿನದು. ಇಲ್ಲೂ ಹಾಗೆಯೇ. ಒಂದು ಸುತ್ತು ಮುಗಿಸಿ, ಅರೆನಿಮಿಷ ನುಡಿಸಿ, ಚರ್ಮ ಕೂರಲು ಬಿಟ್ಟು, ಮತ್ತೆ ಕೇಳಬೇಕು. ಬಲ ಸರಿಯಾದ ಮೇಲೆ ತೊಪ್ಪಿಯ ರವೆ. ರವೆ ಹೆಚ್ಚಾದರೆ ಸ್ವರ ಮಂದವಾಗುತ್ತದೆ, ಕಡಿಮೆಯಾದರೆ ಕಿರುಚುತ್ತದೆ. ನುಡಿಸಿ ಮುಗಿಸಿದ ಮೇಲೆ ಒದ್ದೆ ರವೆಯನ್ನು ಹಾಗೇ ಬಿಡಬಾರದು.

ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೈಸೂರಿನ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಚರ್ಮ ಒಣಗಿ ಸ್ವರ ತಾನಾಗಿಯೇ ಏರುತ್ತದೆ. ಜೂನ್‌ನಿಂದ ದಸರೆಯವರೆಗೆ ತೇವಕ್ಕೆ ಇಳಿಯುತ್ತದೆ. ನಮ್ಮ ಹಬ್ಬದ ಕಚೇರಿಗಳೆಲ್ಲ ಬೀಳುವುದು ಆ ಮಳೆಯಲ್ಲೇ! ವಾದ್ಯಕ್ಕೆ ಬಟ್ಟೆಯ ಗವಸು ಹೊಲಿಸಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಕಚೇರಿಗೆ ಅರ್ಧ ಗಂಟೆ ಮೊದಲೇ ವೇದಿಕೆಯ ಬಳಿ ತಂದಿಡಿ. ಅಲ್ಲಿನ ಗಾಳಿಗೆ ಅದು ಒಗ್ಗಿಕೊಳ್ಳಲಿ.

ಈಗ ಮೊಬೈಲಿನಲ್ಲಿ ಸ್ವರ ತೋರಿಸುವ ಆ್ಯಪ್‌ಗಳಿವೆ. ಮುಳ್ಳು ನಡುವೆ ಬಂದರೆ ಶ್ರುತಿ ಸರಿ. ಅವು ಬೇಡವೆನ್ನುವುದಿಲ್ಲ. ಆದರೆ ಕ್ರಮ ಮುಖ್ಯ. ಮೊದಲು ಕಿವಿ, ಕೊನೆಗೆ ಮೊಬೈಲು. ಲೆಕ್ಕ ಮಾಡಿ ಮುಗಿಸಿ ಪುಸ್ತಕದ ಹಿಂದಿನ ಉತ್ತರ ನೋಡುವುದಕ್ಕೂ, ಉತ್ತರ ನೋಡಿ ಲೆಕ್ಕ ಬರೆಯುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಅಷ್ಟೇ ಇಲ್ಲೂ ಇದೆ.

ಒಂದು ಮಾತು ಉಳಿದಿದೆ. ಬಿರಿದ ಮುಚ್ಚಿಗೆಯನ್ನು ರಿಪೇರಿಗೆ ಒಯ್ದಾಗ ಆ ಕೆಲಸ ಮಾಡುವ ಹಿರಿಯರು ಬಿರುಕನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದರು. ‘ಚರ್ಮ ಹೇಳಿರ್ತದೆ ಸಾರ್. ಬಿರಿಯೋಕ್ ಮುಂಚೆ ಸಣ್ಣಗೆ ಕಿರಕ್ ಅಂತದೆ. ನೀವು ಕೇಳಿಸ್ಕೊಂಡಿಲ್ಲ’ ಎಂದರು. ಹೊಸ ಮುಚ್ಚಿಗೆ ಸಿದ್ಧವಾಗಲು ದಿನಗಳೇ ಹಿಡಿದವು. ಕರಣೆಯ ಒಂದೊಂದು ಪದರವನ್ನೂ ಹಚ್ಚಿ, ಒಣಗಿಸಿ, ಉಜ್ಜಿ, ಬೆರಳಿನಿಂದ ನುಡಿಸಿ ಕೇಳಿ ಮುಂದಿನ ಪದರಕ್ಕೆ ಹೋಗುತ್ತಿದ್ದರು. ಅವರು ಯಾವ ಪರೀಕ್ಷೆಯನ್ನೂ ಪಾಸು ಮಾಡಿದವರಲ್ಲ. ಅವರ ಕಿವಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಇಂಥವರ ಬಗ್ಗೆ ನಾವು ಬಹುಕಾಲ ಯೋಚಿಸಿಯೇ ಇರಲಿಲ್ಲ. 2020ರಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರು ಮೃದಂಗ ತಯಾರಕರ ಕುಟುಂಬಗಳ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಪಾಲ್ಘಾಟ್ ಮಣಿ ಅಯ್ಯರ್ ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಮೃದಂಗಗಳಿಗೆ ದುಡಿದ ಪರ್ಲಾಂದು ಅವರ ಹೆಸರು ಆ ಪುಸ್ತಕದಿಂದ ನಮ್ಮಂಥವರಿಗೆ ಗೊತ್ತಾಯಿತು. ಸರಸ್ವತೀ ಪೂಜೆಯ ದಿನ ಮೃದಂಗಕ್ಕೆ ಅರಿಸಿನ ಕುಂಕುಮವಿಟ್ಟು ಹೂ ಏರಿಸುತ್ತೇವೆ. ಆ ಚರ್ಮವನ್ನು ಹದ ಮಾಡಿದ, ಕುಯ್ದ, ಹೆಣೆದ ಕೈಗಳನ್ನು ಮನೆಯೊಳಗೆ ಕರೆದು ಒಂದು ಲೋಟ ಕಾಫಿ ಕೊಟ್ಟಿದ್ದೇವೆಯೇ? ಮಕ್ಕಳಿಗೆ ಮೃದಂಗ ಕೊಡಿಸುವ ತಂದೆತಾಯಿಗಳು ಒಮ್ಮೆಯಾದರೂ ಅವರನ್ನು ಅಂಥವರ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ, ಒಂದು ಗಂಟೆ ಕೂರಿಸಿ. ಪಾಠದಷ್ಟೇ ಅದೂ ಪಾಠ.

ಸರಸ್ವತೀಪುರದ ತಾಯಿಗೆ ಈಗ ನೇರ ಉತ್ತರ. ಅಮ್ಮಾ, ನಿಮ್ಮ ಮಗ ಊರಿನಲ್ಲೇ ಕಲಿಯುತ್ತಿದ್ದಾನೆ, ಮೇಷ್ಟ್ರು ಹತ್ತಿರದಲ್ಲಿದ್ದಾರೆ. ಬಾರು ಎಳೆದು ಕೊಡುವವರು ನಿಮ್ಮ ಕೈಗೆಟುಕುವಂತಿದ್ದರೆ, ಬಾರಿನದನ್ನೇ ಕೊಡಿಸಿ. ಮೇಷ್ಟ್ರ ಮಾತಿಗೂ ಬೆಲೆ ಬಂದಂತಾಗುತ್ತದೆ. ಅಂಥವರು ಸಿಗುವುದು ಕಷ್ಟ ಎಂದಾದರೆ ಮುಜುಗರವಿಲ್ಲದೆ ಬೋಲ್ಟಿನದನ್ನು ಕೊಡಿಸಿ, ಮೇಷ್ಟ್ರಿಗೆ ಕಾರಣ ಹೇಳಿ, ಅವರು ಒಪ್ಪುತ್ತಾರೆ. ಶ್ರುತಿ ಇಳಿದು ಮೂಲೆಯಲ್ಲಿ ಕೂತಿರುವ ಬಾರಿನ ಮೃದಂಗಕ್ಕಿಂತ, ದಿನವೂ ಶ್ರುತಿಯಲ್ಲಿರುವ ಬೋಲ್ಟಿನ ಮೃದಂಗ ಸಾವಿರ ಪಾಲು ಮೇಲು. ಯಾವುದೇ ಆಗಲಿ, ಹಣ ಕೊಡುವ ಮೊದಲು ಮಗನ ಕೈಯಿಂದಲೇ, ನಿಮ್ಮ ಮುಂದೆಯೇ, ಒಮ್ಮೆ ಶ್ರುತಿ ಮಾಡಿಸಿ ನೋಡಿ. ಅವನಿಂದ ಆಗುವಂಥದ್ದು ಅವನ ವಾದ್ಯ.

ಅವನು ಶ್ರುತಿ ಮಾಡುತ್ತಿರುವಾಗ ಅವಸರ ಮಾಡಬೇಡಿ. ‘ಇನ್ನೂ ಎಷ್ಟು ಹೊತ್ತೋ?’ ಎನ್ನಬೇಡಿ. ಸ್ಪ್ಯಾನರನ್ನು ಮಾವನ ಕೈಗಂತೂ ಕೊಡಲೇಬೇಡಿ. ಪೇಪರಿನ ಹಿಂದಿರುವ ತಂದೆಯವರಿಗೂ ಒಂದು ಕೆಲಸ ಕೊಡುತ್ತೇನೆ: ಮಗ ‘ಅಪ್ಪಾ, ಸೇರ್ತಾ?’ ಎಂದು ಕೇಳಿದಾಗ ಪೇಪರ್ ಕೆಳಗಿಟ್ಟು, ಕಣ್ಣು ಮುಚ್ಚಿ, ತಂಬೂರಿಯನ್ನೂ ಮೃದಂಗವನ್ನೂ ಒಂದು ನಿಮಿಷ ಕೇಳಲಿ. ಗೊತ್ತಾಗದಿದ್ದರೆ ‘ಗೊತ್ತಾಗ್ಲಿಲ್ಲ ಮರಿ, ಇನ್ನೊಂದ್ಸಲ ನುಡಿಸು’ ಎನ್ನಲಿ. ನಾಲ್ಕಾರು ತಿಂಗಳಲ್ಲಿ ಅವರಿಗೂ ಗೊತ್ತಾಗತೊಡಗುತ್ತದೆ.

ನನ್ನ ಅಕ್ಕನ ಮಗ? ಮೂರು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಯಾರೂ ಹೇಳದೆ, ಗವಸು ಬಿಚ್ಚಿದ. ಈಗ ಕೆಲಸದಲ್ಲಿದ್ದಾನೆ, ಬಿಡುವಾದಾಗ ಕಚೇರಿಗೆ ಕೂರುತ್ತಾನೆ. ಅವನ ಬಳಿ ಈಗ ಎರಡು ಮೃದಂಗಗಳಿವೆ, ಒಂದು ಬಾರಿನದು, ಒಂದು ಬೋಲ್ಟಿನದು. ಶ್ರುತಿ ಮಾಡುವಾಗ ನಾನು ಎದುರಿಗೆ ಬಂದರೆ ಮಾತ್ರ ಸ್ಪ್ಯಾನರನ್ನು ಮೆಲ್ಲಗೆ ಮಂಡಿಯ ಕೆಳಗೆ ಸರಿಸಿಕೊಳ್ಳುತ್ತಾನೆ.